ಬಾಳೆದಿಂಡಿಗೆ ಹೃದಯಾಘಾತ

ಐವತ್ತಾರು ತುಂಬಿದ ದಿನ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ಈ ಮೋನಪ್ಪನ ಹೃದಯ ಮೋನಪ್ಪನಿಗೆ ತಿಳಿಸದೆ ಒಂದೇ ಒಂದು ಸಲವೂ ಬಡಿಯಕೂಡದು!

ಪ್ರತಿಜ್ಞೆಗೆ ಕಾರಣ, ಮಗಳು ವೀಕ್ಷಾ ಹುಟ್ಟುಹಬ್ಬಕ್ಕೆಂದು ತಂದುಕೊಟ್ಟ ವಾಚು. ಬರೀ ವಾಚು ಎಂದರೆ ಅದಕ್ಕೆ ಅವಮಾನವಾದೀತು. ಅದು ನಡೆದ ಹೆಜ್ಜೆ ಎಣಿಸುತ್ತದೆ, ಮಾಡಿದ ನಿದ್ರೆಗೆ ಮಾರ್ಕು ಕೊಡುತ್ತದೆ, ಅಡಿಯಿಂದ ಹಸಿರು ಬೆಳಕು ಬಿಟ್ಟು ಎದೆಬಡಿತ ಹೇಳುತ್ತದೆ. ಬಡಿತ ನೂರೈವತ್ತು ದಾಟಿದರೂ, ನಲವತ್ತಕ್ಕಿಂತ ಕೆಳಗಿಳಿದರೂ ಮಗಳ ಫೋನಿಗೂ ಹೆಂಡತಿಯ ಫೋನಿಗೂ ಏಕಕಾಲಕ್ಕೆ ಚಾಡಿ ಹೇಳುತ್ತದೆ!

"ಪಪ್ಪಾ, ಎಡಗೈಗೆ ಕಟ್ಟಿ. ಟೈಟಾಗಿ ಕಟ್ಟಿ, ಪ್ಲೀಸ್," ಎಂದಳು ವೀಕ್ಷಾ.

ಯಾರು ಕೇಳುತ್ತಾರೆ? ನಾನು ಬಲಗೈಗೆ ಕಟ್ಟಿದೆ. ಅದೂ ಬಳೆಯ ಹಾಗೆ ಸಡಿಲವಾಗಿ. ಅದಕ್ಕೆ ಕಾರಣ ಉಂಟು. ಚೆನ್ನೈಯ ಪುರಸೈವಾಕ್ಕಂನಲ್ಲಿ ನನ್ನದೊಂದು ಸಸ್ಯಾಹಾರಿ ಹೋಟೆಲು. ಅದರ ಕಾಫಿ ಕೌಂಟರಿನಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಿಲ್ಲುವವನು ಸಾಕ್ಷಾತ್ ಮಾಲೀಕನಾದ ನಾನೇ. ಇಪ್ಪತ್ತೆಂಟು ವರ್ಷದಿಂದ! ಬಲಗೈಯ ಲೋಟ ತಲೆಯ ಮೇಲೆ, ಎಡಗೈಯ ದಬರಾ ಬಟ್ಟಲು ಸೊಂಟದ ಕೆಳಗೆ, ನಡುವೆ ಗಜದುದ್ದ ಕಾಫಿ! ಎಗ್ಮೋರಿನಲ್ಲಿ ರೈಲಿಳಿದವರು ಮನೆಗೆ ಹೋಗುವ ಮೊದಲು ಇಲ್ಲಿಗೆ ಬಂದು ಒಂದು ಲೋಟ ಕುಡಿದು ಹೋಗುವುದುಂಟು. ಅಂಥ ಬಲಗೈ ಮೇಲೆದ್ದಾಗ ಹೊಸ ವಾಚು ಅಷ್ಟೂ ಗಿರಾಕಿಗಳಿಗೆ ಕಾಣಬೇಡವೇ?

ಮರುದಿನ ಬೆಳಿಗ್ಗೆ ಏಳು ಗಂಟೆ. ಕೌಂಟರಿನ ಮುಂದೆ ಜನ ಮುತ್ತಿದ್ದರು. ನಾನು ಮೈಮರೆತು ಕಾಫಿ ಎತ್ತಿ ಹೊಯ್ಯುತ್ತಿದ್ದೆ. ಅಷ್ಟರಲ್ಲಿ ಮಣಿಕಟ್ಟು ಗುರ್ರೆಂದಿತು. ನೋಡಿದರೆ ನೂರ ಎಪ್ಪತ್ತೊಂದು! ಅದನ್ನು ಓದುವವರೆಗೆ ನಾನು ಆರಾಮಾಗಿಯೇ ಇದ್ದೆ. ಓದಿದ ಕೂಡಲೇ ಎದೆಯಲ್ಲಿ ಚುಳ್ಳೆಂದಂತಾಯಿತು, ಎಡಭುಜ ನೋಯತೊಡಗಿತು, ಸತ್ತುಹೋದ ದೊಡ್ಡಪ್ಪ ನೆನಪಾದರು.

ನಮ್ಮ ಮನೆ ಇರುವುದು ಹಿಂದಿನ ಬೀದಿಯಲ್ಲೇ. ಐದು ನಿಮಿಷ ಆಗಿತ್ತೋ ಇಲ್ಲವೋ, ಹೆಂಡತಿ ರತ್ನಾವತಿ ನೈಟಿಯ ಮೇಲೊಂದು ಟವಲು ಹೊದ್ದುಕೊಂಡು ಪ್ರತ್ಯಕ್ಷಳಾದಳು. ಆಯುಧಪೂಜೆಗೆ ಬಿಟ್ಟರೆ ಹೋಟೆಲಿನ ಮೆಟ್ಟಿಲು ಹತ್ತುವವಳೇ ಅಲ್ಲ!

"ಇವ್ರೇ, ಮೊದ್ಲು ಆ ಲೋಟ ಕೆಳಗಿಡಿ! ಕೂತ್ಕೊಳ್ಳಿ!"

"ನಂಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ."

"ಎಂತ ಆಗದಿದ್ರೆ ಅದು ಸುಮ್ಮನೆ ಬೊಬ್ಬೆ ಹಾಕ್ತದಾ? ನಿಮ್ಮ ಹಾಗೆ ಸುಳ್ಳು ಹೇಳಿ ಅಭ್ಯಾಸ ಉಂಟಾ ಅದಕ್ಕೆ?"

ಕೂತೆ. ಎರಡೇ ನಿಮಿಷದಲ್ಲಿ ಎಪ್ಪತ್ತೆಂಟು. ಎದ್ದು ಮತ್ತೆ ಲೋಟ ಹಿಡಿದೆ, ನೂರ ಅರವತ್ತೆಂಟು! ಕೂತೆ, ಎಪ್ಪತ್ತೈದು. ರತ್ನಾವತಿಯ ಮುಖದಲ್ಲಿ ನಿಧಾನವಾಗಿ ಪತ್ತೇದಾರರ ಕಳೆ ಮೂಡಿತು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಕಳೆ ಬಂದಾಗಲೆಲ್ಲ ನನಗೆ ಶಿಕ್ಷೆಯಾಗಿದೆ.

ಮೂರು ದಿನ ಹೀಗೇ ನಡೆದ ಮೇಲೆ ಮನೆಯಲ್ಲಿ ವಿಚಾರಣೆ ಕೂತಿತು. ವೀಕ್ಷಾ ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲಿ. ಅರ್ಧ ತಮಿಳು, ಅರ್ಧ ಇಂಗ್ಲಿಷು. ಕನ್ನಡ ಬರುವುದು ಅಪ್ಪನಿಗೆ ಬುದ್ಧಿ ಹೇಳುವಾಗ ಮಾತ್ರ.

"ಪಪ್ಪಾ, ಇಂಗ ಪಾರುಂಗ," ಎಂದು ಫೋನು ತೋರಿಸಿದಳು. "ಸಿಕ್ಸ್ ಟು ನೈನ್ ಹೇಗೆ ಏರಿದೆ ನೋಡಿ! ಆಮೇಲೆ ಫುಲ್ ಫ್ಲಾಟ್."

ನಿಜ. ಬೆಳಿಗ್ಗೆ ಬೆಟ್ಟ, ಮಿಕ್ಕ ಹೊತ್ತು ಬಯಲು.

"ಆ ಹೊತ್ತಿಗೆ ನೀವು ಎಂತ ಮಾಡ್ತಾ ಇರ್ತೀರಿ?" ಎಂದಳು ರತ್ನಾವತಿ.

"ಕಾಫಿ."

"ಕುಡೀತೀರಾ?"

"ಕುಡಿಯೂದಲ್ಲ. ರುಚಿ ನೋಡೂದು."

"ಎಷ್ಟು ಸಲ?"

ಡಿಕಾಕ್ಷನ್ ಇಳಿದಾಗಲೆಲ್ಲ ಮೊದಲ ಗುಟುಕು ನನ್ನದು. ಅದು ನನ್ನ ವ್ರತ. ಬೆಳಿಗ್ಗೆಯೊಳಗೆ ಏಳೆಂಟು ಸಲ ಆಗುತ್ತದೆ. ನಾನು "ಎರಡೋ ಮೂರೋ," ಎಂದೆ. ಕೂಡಲೇ ತೀರ್ಪು ಬಂತು. ಕಾಫಿ ಬಂದ್!

ಕಾಫಿ ಮಾರುವವನು ಕಾಫಿ ಮುಟ್ಟಬಾರದಂತೆ! ಆದರೂ ಒಪ್ಪಿದೆ. ಮರುದಿನ ಒಂದು ಹನಿಯನ್ನೂ ನಾಲಗೆಗೆ ಸೋಕಿಸದೆ ಕೌಂಟರಿನಲ್ಲಿ ನಿಂತೆ. ನೂರ ಅರವತ್ತೊಂಬತ್ತು! ಈಗಲಾದರೂ ಕಾಫಿ ನಿರಪರಾಧಿ ಎಂದು ಸಾಬೀತಾಯಿತಲ್ಲ ಎಂದು ನಾನು ಹಿಗ್ಗುತ್ತಿದ್ದರೆ ಫೋನಿನಲ್ಲಿ ರತ್ನಾವತಿಯ ಧ್ವನಿ ಬಂತು.

"ಹಾಗಾದ್ರೆ ಅದು ವಾಸನೆ! ಕುಡಿಯೂದು ಬೇಡ, ಮೂಗಿಗೆ ಹೋದ್ರೂ ಸಾಕು ನಿಮ್ಗೆ. ಬನ್ನಿ ಆಚೆ!"

ಹೀಗೆ ನನ್ನನ್ನು ಕೌಂಟರಿನಿಂದಲೇ ಗಡೀಪಾರು ಮಾಡಲಾಯಿತು. ಗಲ್ಲಾದಲ್ಲಿ ಕೂರಿಸಿದರು. ಅಲ್ಲಿ ಬಡಿತ ಎಪ್ಪತ್ತು. "ನೋಡಿದ್ರಾ?" ಎಂದು ಮನೆಯಿಂದ ಮೆಸೇಜು. ನನ್ನ ಜಾಗಕ್ಕೆ ಅಡುಗೆಯ ಕೃಷ್ಣರಾಜ ಬಂದ. ಅವನ ಸಾಂಬಾರು ಅಮೃತ, ಸುಳ್ಳು ಹೇಳಬಾರದು. ಆದರೆ ಕಾಫಿಯನ್ನು ಅವನು ದೇವಸ್ಥಾನದಲ್ಲಿ ತೀರ್ಥ ಕೊಟ್ಟ ಹಾಗೆ ಅಂಗೈಯೆತ್ತರದಿಂದ ಭಯಭಕ್ತಿಯಲ್ಲಿ ಸುರಿಯುತ್ತಾನೆ. ನೊರೆ ಇಲ್ಲ, ಹಬೆ ಇಲ್ಲ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ನಮ್ಮ ಖಾಯಂ ಗಿರಾಕಿ ಉಪೇಂದ್ರ ರಾಯರು ಒಂದು ಗುಟುಕು ಕುಡಿದು ನನ್ನನ್ನು ಹುಡುಕಿಕೊಂಡು ಗಲ್ಲಾಕ್ಕೇ ಬಂದರು.

"ಏನ್ರೀ ಮೋನಪ್ಪ, ಇವತ್ತು ಕಾಫಿ ಒಂದು ಮಾದಿರಿ ಇದೆಯೇ, ರುಚಿಯೇ ಇಲ್ಲ! ಉಡಂಬು ಸರಿಯಿಲ್ವಾ ನಿಮಗೆ?"

ನನ್ನ ದೇಹಕ್ಕೇನೂ ಆಗಿರಲಿಲ್ಲ. ಆಗಿದ್ದೆಲ್ಲ ನನ್ನ ಕಾಫಿಗೆ! ಸಾಲದ್ದಕ್ಕೆ ರಾತ್ರಿ ಊಟಕ್ಕೆ ಕೂತಾಗ ವೀಕ್ಷಾ ಇನ್ನೊಂದು ಬಾಂಬು ಹಾಕಿದಳು. ನುಂಗಂಬಾಕ್ಕಂನಲ್ಲಿರುವ ಅವಳ ಆಫೀಸಿನಲ್ಲಿ ಕಾಫಿ ಮೆಷಿನ್ ಇದೆಯಂತೆ, ಗುಂಡಿ ಒತ್ತಿದರೆ ಸಾಕಂತೆ!

"ಮಂಡೇ ಒಬ್ರು ಡೆಮೊ ಕೊಡಲಿಕ್ಕೆ ಬರ್ತಾರೆ ಪಪ್ಪಾ. ನೀವು ಗಲ್ಲಾದಲ್ಲಿ ಜಾಲಿಯಾ ಕೂತಿರಬಹುದು."

ಜಾಲಿಯಾಗಿ! ಆ ಕೌಂಟರು ಹೋದರೆ ನಾನು ಯಾರು? ಬರೀ ಚಿಲ್ಲರೆ ಕೊಡುವ ಒಬ್ಬ ಮುದುಕ. ಬೇಡಿಕೊಂಡೆ. ಕೊನೆಗೆ ರತ್ನಾವತಿ ಒಂದು ಅವಕಾಶ ಕೊಟ್ಟಳು.

"ಆಯ್ತು. ಭಾನುವಾರ ಬೆಳಿಗ್ಗೆ ನಿಲ್ಲಿ. ಮೂಗಿಗೆ ಬಟ್ಟೆ ಕಟ್ಟಿ ನಿಲ್ಲಿ. ನಾನು ಫೋನಿನಲ್ಲಿ ನೋಡ್ತಾ ಇರ್ತೇನೆ. ನೂರಿಪ್ಪತ್ತು ದಾಟಿದ್ರೆ ಸೋಮವಾರ ಮೆಷಿನ್ ಬರ್ತದೆ."

ಶನಿವಾರವಿಡೀ ಪ್ರಾಣಾಯಾಮ ಮಾಡಿದೆ, ಪಾರಾಯಣ ಮಾಡಿದೆ. ಯಾವುದರ ಮೇಲೂ ಭರವಸೆ ಬರಲಿಲ್ಲ. ಭಾನುವಾರ ಮುಂಜಾನೆ ಉಗ್ರಾಣಕ್ಕೆ ಹೋದಾಗ ಮೂಲೆಯಲ್ಲಿ ಪಲ್ಯಕ್ಕೆಂದು ತರಿಸಿಟ್ಟ ಬಾಳೆದಿಂಡು ಕಂಡಿತು. ಬೆಳ್ಳಗೆ, ನುಣ್ಣಗೆ, ಸರಿಯಾಗಿ ನನ್ನ ಮಣಿಕಟ್ಟಿನಷ್ಟೇ ದಪ್ಪ. ದೇವರೇ ಕಳಿಸಿದ ಕೈ! ವಾಚು ಬಿಚ್ಚಿ ಅದಕ್ಕೆ ಕಟ್ಟಿದೆ. ಸ್ವಲ್ಪ ಹೊತ್ತು ಯೋಚಿಸಿದ ವಾಚು ಎಂಬತ್ತನಾಲ್ಕು ಎಂದಿತು.

ಬುದ್ಧಿಯಿದ್ದವನಾಗಿದ್ದರೆ ಅಲ್ಲೇ ನಿಂತು, ಬಾಳೆದಿಂಡಿಗೆ ಎಲ್ಲಿಯ ನಾಡಿ, ಹಾಗಾದರೆ ಇದು ನನ್ನ ಬಗ್ಗೆ ಹೇಳಿದ್ದು ಎಷ್ಟು ನಿಜ ಎಂದು ಕೇಳಿಕೊಳ್ಳುತ್ತಿದ್ದ. ನಾನು ಆ ದಿಂಡಿಗೆ ಕೈಮುಗಿದು ಕೌಂಟರಿಗೆ ಓಡಿದೆ!

ಆ ಬೆಳಿಗ್ಗೆಯ ವೈಭವವನ್ನು ಏನೆಂದು ಹೇಳಲಿ! ಲೋಟ ಮೇಲೆ ಹೋಗುತ್ತಿತ್ತು, ಕಾಫಿ ಕೆಳಗೆ ಬರುತ್ತಿತ್ತು. ಉಪೇಂದ್ರ ರಾಯರು ಎರಡನೇ ಲೋಟ ಕೇಳಿದರು. ರತ್ನಾವತಿಯಿಂದ ಮೆಸೇಜು ಬಂತು: "84. ದೇವರು ದೊಡ್ಡವನು." ನಾನು ಮೂಗಿನ ಬಟ್ಟೆ ಕಿತ್ತೆಸೆದು ಫೋನನ್ನು ಗಲ್ಲಾದ ಡ್ರಾಯರಿಗೆ ಹಾಕಿದೆ. ಆಮೇಲೆ ಅದು ಹನ್ನೊಂದು ಸಲ ಬಡಿದುಕೊಂಡಿತೆಂದು ಗೊತ್ತಾದದ್ದು ತಡವಾಗಿ.

ಎಂಟು ಗಂಟೆಗೆ ಬಾಗಿಲಲ್ಲಿ ಗದ್ದಲ. ಮುಂದೆ ರತ್ನಾವತಿ, ಹಿಂದೆ ವೀಕ್ಷಾ, ಅವರ ಹಿಂದೆ ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರ್ ಶ್ರೀಪ್ರಿಯಾ, ಕೈಯಲ್ಲಿ ಬ್ಯಾಗು. ನಾನು ಎತ್ತಿದ ಲೋಟ ಎತ್ತಿದಲ್ಲೇ ಇತ್ತು.

"ಎಂತ, ಎಲ್ಲರೂ ಒಟ್ಟಿಗೆ?" ಎಂದೆ.

ರತ್ನಾವತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಫೋನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. "ಮೂವತ್ತಾರು ಅಂತ ಬಂತು... ಈಗ ಎಂತದೂ ಸಿಗೂದಿಲ್ಲ ಅಂತದೆ..." ಎಂದವಳೇ ಹತ್ತಿರದ ಬೆಂಚಿನ ಮೇಲೆ ಕುಸಿದು, ಅಷ್ಟು ಗಿರಾಕಿಗಳ ಎದುರಲ್ಲೇ ಗಳಗಳನೆ ಅತ್ತುಬಿಟ್ಟಳು.

ಆಗಲೇ ಒಳಗಿನಿಂದ ಕೃಷ್ಣರಾಜ ಬಂದ. ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ಬಾಳೆದಿಂಡು.

"ಅಣ್ಣಾ, ಇದನ್ನು ಕೊಯ್ಯೂದಾ, ಬೇಡ್ವಾ? ಆಗಿಂದ ಗುರ್ ಗುರ್ ಅಂತ ಹೆದರಿಸ್ತಾ ಉಂಟು."

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ದಿಂಡನ್ನೂ ನನ್ನನ್ನೂ ಒಂದಾದ ಮೇಲೊಂದರಂತೆ ಪರೀಕ್ಷಿಸಿದರು. ಅವರೂ ರಾಯರ ಹಾಗೆ ಮದ್ರಾಸಿನಲ್ಲೇ ಬೆಳೆದ ಕನ್ನಡದವರು.

"ಅಯ್ಯೋ, ಹಾರ್ಟ್ ಅಟ್ಯಾಕ್ ಆದ ಪೇಷಂಟ್ ಇವರಾ?" ಎಂದರು ದಿಂಡಿನ ಕಡೆ ಬೆರಳು ತೋರಿಸಿ. "ಇನ್ನು ಪರವಾಯಿಲ್ಲ, ಪಲ್ಯ ಮಾಡಿಬಿಡಿ."

ಇಡೀ ಹೋಟೆಲು ನಕ್ಕಿತು. ನಾನು ತಲೆ ಬಗ್ಗಿಸಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಡಾಕ್ಟರು ವಾಚನ್ನು ಮೊದಲಿನ ಹಾಗೆಯೇ ಸಡಿಲವಾಗಿ ನನ್ನ ಬಲಗೈಗೆ ಕಟ್ಟಿ, ಎದೆಗೆ ಸ್ಟೆತೊಸ್ಕೋಪ್ ಇಟ್ಟು, "ಈಗ ಎತ್ತಿ ಹೊಯ್ಯಿರಿ," ಎಂದರು. ಹೊಯ್ದೆ. ವಾಚು ನೂರ ಎಪ್ಪತ್ತು ಎಂದಿತು. ಡಾಕ್ಟರು ಎಂಬತ್ತೆರಡು ಎಂದರು.

"ಇದು ಬೆಳಕು ಬಿಟ್ಟು ಚರ್ಮದ ಕೆಳಗೆ ರಕ್ತದ ಓಟ ನೋಡೋದು ಸಾರ್. ನೀವು ಬಳೆ ಹಾಗೆ ಕಟ್ಟಿಕೊಂಡು ಕೈ ಇಷ್ಟು ಆಡಿಸಿದರೆ, ಪಾವಂ, ಅದೇನು ಮಾಡುತ್ತೆ, ಕೈ ಆಡೋದನ್ನೂ ಸೇರಿಸಿ ಎಣಿಸಿಬಿಡುತ್ತೆ. ಅದಕ್ಕೆ ಕಾಫಿ ವಾಸನೆ ಎಲ್ಲಿಂದ ಗೊತ್ತಾಗಬೇಕು! ಸುಮ್ಮನೆ ಕೂತಾಗ ಸರಿಯಾಗೇ ಹೇಳುತ್ತೆ. ಆದರೂ ವಯಸ್ಸಾಯಿತಲ್ಲ, ಬನ್ನಿ, ಒಂದು ಇ.ಸಿ.ಜಿ. ತೆಗೆದುಬಿಡೋಣ."

ತೆಗೆದರು. ಎಲ್ಲ ಚೆನ್ನಾಗಿತ್ತು. ವೀಕ್ಷಾ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತೇ ಮೆಷಿನಿನವರಿಗೆ ಫೋನು ಮಾಡಿ, "ಮಂಡೇ ವೇಂಡಾಂ," ಎಂದಳು. ಕೌಂಟರು ಉಳಿಯಿತು!

ವಾಪಸು ಬರುವಾಗ ನಾನು ರತ್ನಾವತಿಯ ಕಾಲು ನೋಡಿದೆ. ಚಪ್ಪಲಿ ಇರಲಿಲ್ಲ. ಮಂಡಿನೋವು ಎಂದು ಮಹಡಿಗೆ ಬಟ್ಟೆ ಒಣಗಿಸಲೂ ಹೋಗದವಳು, ಮೊದಲು ಕ್ಲಿನಿಕ್ಕಿಗೆ, ಅಲ್ಲಿಂದ ಹೋಟೆಲಿಗೆ ಬರಿಗಾಲಿನಲ್ಲಿ ಓಡಿ ಬಂದಿದ್ದಳು. ಹೆಬ್ಬೆರಳು ಕಿತ್ತು ರಕ್ತ ಒಣಗಿತ್ತು. ಆ ಸುಳ್ಳುಬುರುಕ ವಾಚಿನ ಮೇಲೂ ಸಿಟ್ಟು ಬರಲಿಲ್ಲ. ಅದು ಹಾಗೆ ತಪ್ಪು ಹೇಳದಿದ್ದರೆ, ನನಗಾಗಿ ಹೀಗೆ ಓಡಿ ಬರುವ ಜೀವ ಒಂದು ಹಿಂದಿನ ಬೀದಿಯಲ್ಲಿದೆ ಎಂದು ನಾನು ಯೋಚಿಸುವುದು ಯಾವ ಕಾಲಕ್ಕೆ? ಪುಣ್ಯ ಮಾಡಿದ್ದೆ ಅನ್ನಿಸಿತು.

"ಒಂದು ನಿಮಿಷ ಒಳಗೆ ಬಾ," ಎಂದೆ. ಹೋಟೆಲಿನಲ್ಲಿ ಆಗ ಜನ ಕಡಿಮೆಯಾಗಿತ್ತು. ಅವಳನ್ನು ಮುಂದಿನ ಮೇಜಿನಲ್ಲಿ ಕೂರಿಸಿದೆ. ಹೊಸ ಡಿಕಾಕ್ಷನ್, ಆಗಷ್ಟೇ ಉಕ್ಕಿದ ಹಾಲು, ಎರಡು ಚಮಚ ಸಕ್ಕರೆ. ಜೀವಮಾನದಲ್ಲೇ ಅಷ್ಟೆತ್ತರದಿಂದ ಹೊಯ್ದಿರಲಿಲ್ಲ. ನೊರೆ ತುಂಬಿದ ಲೋಟವನ್ನು ನಾನೇ ಕೊಂಡುಹೋಗಿ ಅವಳ ಮುಂದಿಟ್ಟೆ.

"ಇದೆಂತ, ನಂಗಾ?"

"ನಿಂಗೇ. ಇಂಥ ಕಾಫಿ ಇಡೀ ಚೆನ್ನೈಯಲ್ಲಿ ಇನ್ನೊಂದಿಲ್ಲ. ಕುಡಿ."

ಅವಳು ಸೆರಗಿನಲ್ಲಿ ಲೋಟ ಹಿಡಿದು, ಒಂದೊಂದೇ ಗುಟುಕು, ಒಂದು ಹನಿಯೂ ಉಳಿಯದಂತೆ ಕುಡಿದಳು. ನಾನು ಎದುರಲ್ಲಿ ಎದೆ ಉಬ್ಬಿಸಿ, ಪ್ರಶಸ್ತಿಗೆ ಕಾಯುವವನಂತೆ ನಿಂತಿದ್ದೆ.

"ಹೇಗುಂಟು?"

"ಒಳ್ಳೇದುಂಟು," ಎಂದಳು ಬಾಯಿ ಒರೆಸಿಕೊಳ್ಳುತ್ತ. "ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಕ್ಕೆ ಮೊದ್ಲ ಸಲ ನಿಮ್ಮ ಕೈಯ ಕಾಫಿ ಸಿಕ್ಕಿತಲ್ಲ, ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಇಲ್ಲದಿದ್ರೆ ನಾನು ಸಕ್ಕರೆ ಬಿಟ್ಟು ಹನ್ನೊಂದು ವರ್ಷ ಆಯ್ತು ಮಾರಾಯ್ರೆ!"