ಮಾವನನ್ನು ಹಾಯಿದೋಣಿ ಹತ್ತಿಸಿದ್ದು

ಬಾರದ ವಿದ್ಯೆಯನ್ನು ಬರುತ್ತದೆ ಎಂದು ಒಂದು ಸಲ ಹೇಳಿ ನೋಡಿ. ನಗೆಪಾಟಲಾಗಲು ಆಮೇಲೆ ಬೇರೆ ಪ್ರಯತ್ನ ಬೇಕಾಗುವುದಿಲ್ಲ, ಒಂದರ ಹಿಂದೆ ಒಂದು ಪ್ರಸಂಗ ತಾನಾಗಿ ಮನೆ ಹುಡುಕಿಕೊಂಡು ಬರುತ್ತದೆ.

ನಾನು ಗಲ್ಫಿನಲ್ಲಿ ಹನ್ನೆರಡು ವರ್ಷ ಒಂದು ಬೋಟ್ ಕ್ಲಬ್ಬಿನಲ್ಲಿದ್ದೆ. ಸ್ಟೋರಿನಲ್ಲಿ ಕೂತು, ಹಾಯಿದೋಣಿ ಬಿಡಲು ಬಂದವರಿಗೆ ಲೈಫ್ ಜಾಕೆಟ್ ಕೊಡುವುದು, ಅವರು ಹಿಂದಿರುಗಿಸಿದ್ದನ್ನು ಒಣಗಲು ಹಾಕುವುದು ನನ್ನ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ಮಾತ್ರ, ಎಂತ ಕೆಲಸ ಎಂದು ಕೇಳಿದವರಿಗೆ, "ಹಾಯಿದೋಣಿ ಬಿಡುವುದು" ಎನ್ನುತ್ತಿದ್ದೆ. ನಮ್ಮೂರು ಮುಳ್ಳೇರಿಯದಲ್ಲಿ ಸಮುದ್ರ ಇಲ್ಲ, ಪರೀಕ್ಷೆ ಮಾಡುವವರು ಯಾರು? ನನಗೆ ಈಜು ಸಹ ಬರುವುದಿಲ್ಲ.

ಅಂಗಳದ ಹಡಗು

ನಾನು ಊರಿನಲ್ಲೇ ನೆಲೆಸಿದ ಮೇಲೆ, ಕಡಲಕರೆಯ ಒಂದು ರೆಸಾರ್ಟಿನವರು ಹಳೆಯ ಸಣ್ಣ ಹಾಯಿದೋಣಿಯೊಂದನ್ನು ಮಾರುವುದಕ್ಕಿಟ್ಟರು. ಹೆಂಡತಿಯ ಅಣ್ಣ ನಾಲ್ಕು ಜನರ ಎದುರು, ಇದು ನಿಮಗೇ ಹೇಳಿ ಮಾಡಿಸಿದ್ದು ಎಂದುಬಿಟ್ಟ. ಬೇಡ ಎನ್ನಲು ನನಗೆ ನಾಲಗೆ ಏಳಲಿಲ್ಲ. ಪಿಕಪ್ಪಿನಲ್ಲಿ ಹೇರಿಕೊಂಡು ಮನೆಗೆ ತಂದೆ.

ನೀರಿಗೆ ಇಳಿಸುವುದು ಯಾವಾಗ ಎಂದು ಕೇಳಿದವರಿಗೆಲ್ಲ ಗಾಳಿ ಸರಿಯಿಲ್ಲ ಎನ್ನುತ್ತ ಎರಡು ತಿಂಗಳು ತಳ್ಳಿದೆ. ಅಷ್ಟರಲ್ಲಿ ಹೆಂಡತಿ ದೋಣಿಯೊಳಗೆ ಗೇರುಬೀಜ ಒಣಗಲು ಹಾಕಿದಳು, ಹಾಯಿಯ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಹರವಿದಳು. ನೆರೆಮನೆಯವಳು ಬಂದು ನೋಡಿದಾಗ ಹೆಂಡತಿ ಅವಳಿಗೆ ಹೇಳಿದಳು: "ಇವರು ಗಲ್ಫಿಗೆ ಹೋದದ್ದಕ್ಕೆ ಕೊನೆಗೂ ಒಂದು ಉಪಕಾರ ಆಯ್ತು."

ದನ ಕಟ್ಟಿದ ಹಾಗೆ

ಇನ್ನು ತಡೆದರೆ ಬಣ್ಣ ಬಯಲಾಗುತ್ತದೆ ಎಂದು ದೋಣಿಯನ್ನು ಚಂದ್ರಗಿರಿ ಹೊಳೆಗೆ ಒಯ್ದೆ. ದಡದ ತೆಂಗಿನಮರಕ್ಕೆ, ಹಟ್ಟಿಯಲ್ಲಿ ದನ ಕಟ್ಟುವ ಹಾಗೆ ಗಿಡ್ಡ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ, ಹತ್ತಿರದ ನಾಯ್ಮಾರ್ಮೂಲೆಗೆ ಹೋಗಿ ಊಟ ಮಾಡಿ ಬಂದೆ. ಅಷ್ಟರಲ್ಲಿ ಹೊಳೆಯ ನೀರು ಇಳಿದಿತ್ತು. ದೋಣಿಯ ಮೂಗು ಮರಕ್ಕೆ ನೇತುಬಿದ್ದಿತ್ತು, ಹಿಂಭಾಗ ಕೆಸರಿನಲ್ಲಿತ್ತು.

ಅಲ್ಲಿ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುವ ಹಿರಿಯರು, ಎಲ್ಲರೂ ಕಾಕ ಎಂದು ಕರೆಯುವವರು, ಬಂದು ಹಗ್ಗ ಬಿಚ್ಚಿಕೊಟ್ಟರು. ಕಡಲಿನ ಜೊತೆ ಹೊಳೆಯೂ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ, ಹಗ್ಗ ಉದ್ದ ಬಿಡಬೇಕು, ಗಲ್ಫಿನಲ್ಲಿ ಹಾಗೆ ಇಲ್ಲವಾ ಎಂದು ಕೇಳಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಅಲ್ಲಿಯ ನೀರಿಗೆ ಶಿಸ್ತು ಉಂಟು ಎಂದೆ.

ಮರುವಾಯಿ

ಮೊದಲ ಸಲ ಹಾಯಿ ಬಿಚ್ಚಿದ್ದು ಹೆಂಗಸರು ಮರುವಾಯಿ ಹೆಕ್ಕುವ ಕಡೆ. ಮರುವಾಯಿ ಎಂದರೆ ನಮ್ಮ ಹೊಳೆಯ ಚಿಪ್ಪುಮೀನು. ಅವರೆಲ್ಲ ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತಿದ್ದರು, ಹಾಗಾಗಿ ಅಲ್ಲಿ ಧೈರ್ಯ ಹೆಚ್ಚು. ಗಾಳಿ ತಿರುಗಿತು, ಹಾಯಿಯ ಅಡ್ಡಕೋಲು ನನ್ನ ತಲೆಗೆ ಬಡಿಯಿತು, ದೋಣಿ ಮಗುಚಿತು. ನಾನು ಅದರ ಹೊಟ್ಟೆಗೆ ಅಂಟಿಕೊಂಡು ದೇವರನ್ನೆಲ್ಲ ಕರೆದೆ. ಹೆಂಗಸರು ನನ್ನನ್ನು ಬಿಡಿಸಿ, ತಮ್ಮ ದೋಣಿಯಲ್ಲಿ ಮರುವಾಯಿ ರಾಶಿಯ ಮೇಲೆ ಕೂರಿಸಿ ದಡಕ್ಕೆ ತಂದರು.

ದಡದಲ್ಲಿ ಮರುವಾಯಿ ಕೊಳ್ಳಲು ನಿಂತಿದ್ದವನು ರಾಶಿಯನ್ನು ನೋಡಿದ, ನನ್ನನ್ನು ನೋಡಿದ, ಇದೂ ಮಾರಲಿಕ್ಕೆ ಉಂಟಾ ಎಂದು ಕೇಳಿದ.

"ಅದನ್ನು ಬಿಡಿ," ಎಂದರು ಹಿರಿಯ ಹೆಂಗಸು, "ಅದರೊಳಗೆ ಎಂತದೂ ಇಲ್ಲ."

ಮಾವ ಬಂದರು

ಅದರಿಂದ ನಾನು ಕಲಿತ ಪಾಠ ಒಂದೇ: ಹೆಂಗಸರು ಇಲ್ಲದ ಕಡೆ ಹೋಗಬೇಕು. ಹಾಗೆಂದರೆ ಆಳದ ಕಡೆ. ಅಷ್ಟಕ್ಕೇ ನಿಂತಿದ್ದರೆ ಮುಳುಗುವವನು ನಾನೊಬ್ಬನೇ. ಕಾರಡ್ಕದಲ್ಲಿ ಒಂದು ಮದುವೆಯ ಊಟದಲ್ಲಿ, ಪಂಕ್ತಿಯ ಎಲ್ಲರಿಗೂ ಕೇಳುವ ಹಾಗೆ, ಒಂದು ದಿನ ಬನ್ನಿ ಮಾವ, ಹೊಳೆಯಲ್ಲಿ ತಿರುಗಿಸುತ್ತೇನೆ ಎಂದು ಹೆಂಡತಿಯ ತಂದೆಯನ್ನು ಕರೆದುಬಿಟ್ಟೆ. ಎಪ್ಪತ್ತು ದಾಟಿದವರು. ಹೇಳಿದ ದಿನ ಬಿಳಿ ಮುಂಡು ಉಟ್ಟು, ಕೊಡೆ, ಒಂದು ಬಟ್ಟೆಚೀಲ ಹಿಡಿದುಕೊಂಡು ಬಂದರು. ಹನ್ನೆರಡು ವರ್ಷ ಲೋಕಕ್ಕೆಲ್ಲ ಲೈಫ್ ಜಾಕೆಟ್ ಕೊಟ್ಟ ನಾನು ಆ ದಿನ ಒಂದನ್ನೂ ತಂದಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ತಲೆ ಎತ್ತಲಾಗುವುದಿಲ್ಲ.

ಹಾಯಿ ವಾಲಿದ ಬದಿಯಲ್ಲಿ ಕೂರಬಾರದು, ಎದುರು ಬದಿಯಲ್ಲಿ ಕೂತು ತೂಕ ಸರಿಮಾಡಬೇಕು. ಕ್ಲಬ್ಬಿನ ಸ್ಟೋರಿನ ಗೋಡೆಯಲ್ಲಿ ಇದನ್ನು ಚಿತ್ರ ಸಮೇತ ಹಾಕಿದ್ದರು. ನನ್ನ ಕುರ್ಚಿ ಅದರ ಕೆಳಗೇ ಇತ್ತು. ಮಾವ ಹೊಳೆಯ ನಡುವೆ ಬಿಸಿಲಿಗೆ ತಾಳದೆ ಹಾಯಿಯ ನೆರಳಿಗೆ, ಅಂದರೆ ಸರಿಯಾಗಿ ಆ ವಾಲಿದ ಬದಿಗೇ, ಸರಿದು ಕೂತರು. ಮಾವನಿಗೆ ಬಿಸಿಲಿನಲ್ಲಿ ಕೂತುಕೊಳ್ಳಿ ಎಂದು ಹೇಳುವುದು ಹೇಗೆ? ಆಮೇಲೆ ಅವರಿಗೆ ನನ್ನ ಮೇಲೆ ಕನಿಕರ ಬಂತು. ಅಳಿಯಂದಿರಿಗೆ ಬಿಸಿಲು ಎಂದು ಕೊಡೆ ಬಿಡಿಸಿ ನನ್ನ ತಲೆಯ ಮೇಲೆ ಹಿಡಿದರು. ಗಾಳಿಗೆ ಅದು ಎರಡನೆಯ ಹಾಯಿಯಾಯಿತು.

ನೀರಿನೊಳಗಿಂದ ತಲೆ ಮೇಲೆ ಬಂದಾಗ ನನ್ನ ಕಂಕುಳಿನ ಕೆಳಗೆ ಏನೋ ತೇಲುತ್ತಿತ್ತು. ಜೋಡಿಸಿ ಕಟ್ಟಿದ ಎರಡು ಒಣ ತೆಂಗಿನಕಾಯಿ, ಮಕ್ಕಳಿಗೆ ಈಜು ಕಲಿಸುವಾಗ ಕಟ್ಟುವಂಥದ್ದು. ಮಾವ ಅವನ್ನು ಚೀಲದಿಂದ ತೆಗೆದು ನನಗೆ ಸಿಕ್ಕಿಸಿ, ತಾವು ಒಂದು ಕೈಯಲ್ಲಿ ಕೊಡೆ ಹಿಡಿದು ಪಕ್ಕದಲ್ಲಿ ಈಜುತ್ತಿದ್ದರು. ಕಾಕ ಬಂದು ಇಬ್ಬರನ್ನೂ ತಮ್ಮ ದೋಣಿಗೆ ಎಳೆದುಕೊಂಡರು.

ದಡದಲ್ಲಿ ಜನ ಸೇರಿತ್ತು. ತಪ್ಪು ತನ್ನದು, ಕೊಡೆ ಬಿಡಿಸಿದ್ದರಿಂದ ಹೀಗಾಯಿತು, ಅಳಿಯಂದಿರು ಚಂದವೇ ಬಿಡುತ್ತಿದ್ದರು ಎಂದು ಮಾವ ಎಲ್ಲರಿಗೂ ಹೇಳಿದರು. ಜನ ಕರಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ನಾನು ಸ್ಟೋರಿನಲ್ಲಿದ್ದವನು, ಒಂದು ದಿನವೂ ದೋಣಿ ಬಿಟ್ಟವನಲ್ಲ ಎಂದು ಅವರ ಕಾಲಿನ ಹತ್ತಿರ ಕೂತು ಹೇಳಿದೆ.

"ಗೊತ್ತುಂಟು," ಎಂದರು ಮಾವ. "ಹುಡುಗ ಗಲ್ಫಿನಲ್ಲಿ ಎಂತ ಮಾಡುವುದು ಅಂತ ವಿಚಾರಿಸದೆ ಯಾರಾದರೂ ಹೆಣ್ಣು ಕೊಡ್ತಾರಾ? ಈಜು ಬರುವುದಿಲ್ಲ ಅಂತ ಮಗಳೂ ಹೇಳಿದ್ದಾಳೆ. ಕಾಯಿ ತಂದದ್ದು ಅದಕ್ಕೆ."

"ಎಲ್ಲ ಗೊತ್ತಿದ್ದೂ ಯಾಕೆ ಹತ್ತಿದಿರಿ ಮಾವ?"

ಅವರು ಮುಂಡಿನ ತುದಿ ಹಿಂಡುತ್ತ ಹೇಳಿದರು: "ಅಷ್ಟು ಜನರ ಎದುರು ಅಳಿಯ ಬಾಯಿಬಿಟ್ಟು ಕರೆದಾಗ, ಮುಳುಗ್ತೇನೆ ಅಂತ ಬರದೆ ಕೂತುಕೊಳ್ಳಲಿಕ್ಕೆ ಆಗ್ತದಾ?"