ಸರ್ಜಾನ ಗಂಟೆಯೂ ನನ್ನ ಓಟವೂ

ದೇವರು ಬೂಟಿಗೆ ಬಾಯಿ ಕೊಡದೇ ಇದ್ದದ್ದು ನನ್ನಂಥವರಿಗೆ ಮಾಡಿದ ದೊಡ್ಡ ಉಪಕಾರ. ಕೊಟ್ಟಿದ್ದರೆ ನಮ್ಮ ಬಾಗಿಲ ಹಿಂದೆ ಧೂಳು ತಿನ್ನುತ್ತಿದ್ದ ಜೋಡಿ ದಿನಾ ಸಂಜೆ ನನ್ನ ಮರ್ಯಾದೆ ತೆಗೆಯುತ್ತಿತ್ತು. ಮೊದಲು ನಾನು ಇಂಥ ಮೈಗಳ್ಳನಾಗಿರಲಿಲ್ಲ. ಗಡಿಯಾಚೆ ಮರಾಠಿ ಸೀಮೆಯ ನಿಲಂಗಾದಲ್ಲಿ ನನ್ನದೊಂದು ಬಟ್ಟೆ ಅಂಗಡಿ; ಅದಕ್ಕೇ ಊರಿಗೆಲ್ಲ ನಾನು ‘ಶೇಟ್’. ದಿನವಿಡೀ ಗಾದಿಯ ಮೇಲೆ ಕೂತು ಬಟ್ಟೆ ಅಳೆದು, ಸಂಜೆ ಊರಾಚೆ ಓಡಿಬಂದರೇ ನನಗೆ ಊಟ ಸೇರುತ್ತಿದ್ದದ್ದು. ಹೀಗಿರುವಾಗ ಒಮ್ಮೆ ಅಟ್ಟದ ಮೇಲಿನ ಧೋತರದ ಗಂಟು ಎಳೆಯಲು ಸ್ಟೂಲು ಹತ್ತಿದೆ. ಗಂಟು ಬಂತು, ಅದರ ಹಿಂದೆ ನಾನೂ ಬಂದೆ. ಮೈಲುಗಟ್ಟಲೆ ಓಡಿದರೂ ಏನೂ ಆಗದ ಕಾಲು ಸ್ಟೂಲಿನಿಂದ ಇಳಿಯುವಾಗ ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ಉದಗೀರದ ಡಾಕ್ಟರು, ಎಲುಬು ಕೂಡಿದೆ, ಆದರೆ ಮತ್ತೆ ಮೆಲ್ಲಗೆ ಓಡಲು ಶುರು ಮಾಡದಿದ್ದರೆ ಈ ಕುಂಟು ಜನ್ಮಕ್ಕಂಟಿಕೊಳ್ಳುತ್ತದೆ ಎಂದರು. ಹೆದರಿಕೆಯಾದದ್ದು ನಿಜ. ಆದರೆ ಹೆದರಿಕೆ ಬರುತ್ತಿದ್ದದ್ದು ಬೆಳಿಗ್ಗೆ; ಓಡುವ ಹೊತ್ತಿಗೆ ಬರುತ್ತಿದ್ದದ್ದು ಚಹಾ. ಒಂದು ದಿನ ಗಾಳಿ, ಒಂದು ದಿನ ಕಾಲುಚೀಲದ ಜೋಡಿ ಸಿಗಲಿಲ್ಲ, ಇನ್ನೊಂದು ದಿನ ಅಮಾವಾಸ್ಯೆ. ನನ್ನ ಹೆಂಡತಿ ಭಾಲ್ಕಿ ಕಡೆಯವಳು, ಮಾತು ಬಾಯಲ್ಲೇ ಇಟ್ಟುಕೊಳ್ಳುವ ಪೈಕಿ ಅಲ್ಲ.

“ಅಮಾಸಿಗಿ ಎತ್ತಿಗೂ ಸೂಟಿ ಅದ. ಆದ್ರ ಎತ್ತು ಉಳಿದ ದಿನಾರೆ ದುಡೀತದ ರೀ,” ಎಂದಳು.

ಆ ಸಿಟ್ಟಿಗೆ ಮರುದಿನ ಸಂಜೆ ಬೂಟು ಹಾಕಿಕೊಂಡು ಹೊರಬಿದ್ದೆ; ಮೊದಲಿನಂತೆ ಊರಾಚೆಗೆ ಹೋಗುವಷ್ಟು ಕಾಲಿಗೆ ಬಲವಿರಲಿಲ್ಲ, ಗಲ್ಲಿಯಲ್ಲೇ ಓಟ ಶುರು ಮಾಡಿದೆ. ನಮ್ಮ ಸೀಮೆಯಲ್ಲಿ ಭೂಕಂಪ ಆಗಿ ಒಂದೆರಡು ವರ್ಷ ಕಳೆದಿದ್ದರೂ ನಮ್ಮ ಗಲ್ಲಿಯ ಅರ್ಧ ಜನ ಇನ್ನೂ ಪತ್ರಾ ತಗಡಿನ ಶೆಡ್ಡುಗಳಲ್ಲೇ ಇದ್ದರು. ಕಲ್ಲಿನ ಮನೆ ಉಳಿದವರೂ ಅದರೊಳಗೆ ಮಲಗಲು ಅಂಜುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಸಮಯಕ್ಕೆ ನೆನಪಾಗಬೇಕಲ್ಲ! ಕಾಲುನೋವಿಗೆ ಮುಖ ಕಿವುಚಿ, ಕಣ್ಣು ಬಿಟ್ಟುಕೊಂಡು ಕುಂಟುತ್ತಾ ಓಡುತ್ತಿದ್ದ ನನ್ನನ್ನು ಮೊದಲು ಕಂಡವರು ಗುರಬಾಯಿ ಆಯಿ. ಗಲ್ಲಿಗೆಲ್ಲ ಹಿರಿಯ ಜೀವ, ಹಣೆತುಂಬ ವಿಭೂತಿ, ಊರಂಚಿಗೆ ಹೊಲ.

“ಹೊರಗ ಬರ್ರೋ! ಶೇಟ್ ಓಡ್ಲತ್ತಾನ!” ಎಂದು ಒಂದೇ ಕೂಗು ಹಾಕಿದರು.

ಕೂಸುಗಳನ್ನು ಬಗಲಿಗಿಟ್ಟುಕೊಂಡವರು, ಹಿಟ್ಟಿನ ಕೈಯವರು, ಅರ್ಧ ಗಡ್ಡ ಬೋಳಿಸಿಕೊಂಡವರು, ಎಲ್ಲರೂ ಬಯಲಿಗೆ ಓಡಿದರು. ಅವರು ಓಡುವುದನ್ನು ಕಂಡು ನಾನೂ ಹೆದರಿ ಇನ್ನೂ ಜೋರಾಗಿ ಓಡಿದೆ. ಬೇವಿನ ಮರದ ಹತ್ತಿರ ಎಲ್ಲರೂ ನಿಂತು ನೆಲ ನೋಡಿದೆವು. ನೆಲ ಸುಮ್ಮನಿತ್ತು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

“ಏನಾತ್ರೀ?”

“ಏನಿಲ್ಲ... ವ್ಯಾಯಾಮ,” ಎಂದೆ.

ಬೈಯಬಹುದಿತ್ತು, ನಾಲ್ಕು ಬಿಡಲೂಬಹುದಿತ್ತು. ಯಾರೋ ನೀರು ತಂದರು. ಪಕ್ಕದ ಮನೆಯವರು ಮರಾಠಿಯಲ್ಲಿ “ಬಸಾ ಶೇಟ್, ಬಸಾ” ಎಂದು ಕೂರಲು ಸ್ಟೂಲು ಇಟ್ಟರು. ಸ್ಟೂಲು ನೋಡಿ ನಾನು ನೆಲದ ಮೇಲೇ ಕೂತೆ. ಯಾರದೋ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಆ ಮಂದಿ ಬಗಲಿನ ಕೂಸುಗಳನ್ನು ಇನ್ನೂ ಕೆಳಗಿಳಿಸಿರಲಿಲ್ಲ, ಆದರೂ ನನ್ನ ಕಾಲು ನೋಯಿತೇ ಎಂದು ಕೇಳುತ್ತಿದ್ದರು. ನನಗೆ ಅಳುವೇ ಬಂತು. ಜನ್ಮವಿಡೀ ಕುಂಟಿದರೂ ಸರಿ, ಇನ್ನು ಓಡುವುದಿಲ್ಲ ಎಂದು ನಿಶ್ಚಯಿಸಿದೆ. ಈ ಸಲ ನನ್ನ ಹೆಂಡತಿಯೇ ಬೂಟು ಎತ್ತಿ ಬಾಗಿಲ ಹಿಂದೆ ಇಟ್ಟಳು.

ಮರುದಿನ ಗುರಬಾಯಿ ಆಯಿ ಅಂಗಡಿಗೇ ಬಂದು ಗಾದಿಯ ಮೇಲೆ ಚರ್ಮದ ಪಟ್ಟಿಯೊಂದನ್ನಿಟ್ಟರು. ಅದರಲ್ಲೊಂದು ಹಿತ್ತಾಳೆ ಗಂಟೆ.

“ಇದು ನಮ್ಮ ಸರ್ಜಾಂದು. ದೇವಣಿ ಜಾತಿ ಎತ್ತು. ಮನಿ ಬಿದ್ದ ಮ್ಯಾಲೂ ಅಂವಾ ದಿನಾ ಸಂಜಿಗಿ ಈ ಗಂಟಿ ಬಾರಿಸ್ಕೋತ ಹೊಲದಿಂದ ಬಂದು ಶೆಡ್ಡಿನ ಮುಂದ ನಿಲ್ತಿದ್ದ. ಆ ಸಪ್ಪಳ ಕೇಳಿದ್ರ ಎಲ್ಲಾ ಬರಾಬ್ಬರಿ ಅದ ಅಂತ ಗಲ್ಲಿ ಮಂದಿ ಒಲಿ ಹಚ್ತಿದ್ರು. ಈಗ ಮುದಿಯಾಗಿ ತೀರ್ಕೊಂಡಾನ. ಇದನ್ನ ಕಟ್ಕೊಂಡು ಓಡಪ್ಪಾ, ಯಾರೂ ಅಂಜಲ್ಲ.”

“ಆಯಿ, ವ್ಯಾಪಾರಸ್ಥ ನಾ... ಮಂದಿ ನಗ್ತಾರ.”

“ನಗಲಿ ಬಿಡು. ಈ ಗಲ್ಲ್ಯಾಗ ಮಂದಿ ನಕ್ಕು ಭಾಳ ದಿನ ಆಗ್ಯಾದ.”

ಅಂದು ಸಂಜೆ ಪೈಜಾಮದ ಮೇಲೆ ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಓಡಿದೆ. ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ಒಬ್ಬರೂ ಕೂತಲ್ಲಿಂದ ಏಳಲಿಲ್ಲ. ನಾಲ್ಕು ದಿನಕ್ಕೆ ನಗುವೂ ನಿಂತು, “ಗಂಟಿ ಬಂತು, ಒಲಿ ಹಚ್ಚವ್ವಾ” ಎಂಬ ಮಾತು ಶೆಡ್ಡಿನೊಳಗಿಂದ ಕೇಳತೊಡಗಿತು. ಇಷ್ಟಾದರೂ ಅಂಟಿದ ಚಾಳಿ ಅಷ್ಟು ಬೇಗ ಬಿಡದು. ಒಂದು ಸಂಜೆ ಮೈಗಳ್ಳತನದಿಂದ ಚಹಾ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಇಡೀ ಗಲ್ಲಿ ನಮ್ಮ ಬಾಗಿಲಲ್ಲಿತ್ತು.

“ಗಂಟಿ ಕೇಳ್ಲಿಲ್ಲ. ಶೇಟ್‌ಗ ಏನಾತವ್ವಾ?”

“ಏನೂ ಆಗಿಲ್ರೀ, ಚಾ ಕುಡೀಲತ್ತಾರ,” ಎಂದಳು ನನ್ನ ಹೆಂಡತಿ.

ಅಂದಿನಿಂದ ಓಟ ತಪ್ಪಿಸಿಲ್ಲ. ಕಾಲು ಈಗ ಕುಂಟುವುದಿಲ್ಲ. ಇದರಲ್ಲಿ ನನ್ನ ಛಲ ಎಳ್ಳಷ್ಟೂ ಇಲ್ಲ. ಈ ಕಾಲು ನಮ್ಮ ಗಲ್ಲಿಯವರು ಕೊಟ್ಟದ್ದು, ಅವರ ಋಣ ನನ್ನ ಮೇಲಿದೆ. ಮೊನ್ನೆ ಓಟ ಮುಗಿಸಿ ಆಯಿಯ ಶೆಡ್ಡಿನ ಮುಂದೆ ಏದುಸಿರು ಬಿಡುತ್ತಾ ನಿಂತೆ. “ಬಂದೇನೋ ಸರ್ಜಾ?” ಎನ್ನುತ್ತಾ ಅವರು ಅಂಗೈಯಲ್ಲಿ ಬೆಲ್ಲದ ತುಣುಕು ಚಾಚಿದರು. ಮರ್ಯಾದಸ್ಥ ವ್ಯಾಪಾರಿ ನಾನು, ಅದನ್ನು ಕೈಯಿಂದ ತೆಗೆದುಕೊಳ್ಳಬೇಕಿತ್ತು. ನಾನು ಬಗ್ಗಿ ನೇರವಾಗಿ ಬಾಯಿ ಹಾಕಿದ್ದೇನೆಂದು ತಿಳಿದದ್ದು, ಆಯಿ ನನ್ನ ಕುತ್ತಿಗೆ ತುರಿಸತೊಡಗಿದಾಗಲೇ.