ಮಾರ್ಥಾ ಎಂಬ ಅಂಕಿತ

ಪದ್ಯ ಬರೆಯುವ ಗಂಡಸರಲ್ಲಿ ಎರಡು ಜಾತಿ: ಬರೆದದ್ದನ್ನು ಹೆಂಡತಿಗೆ ಓದಿ ಹೇಳುವವರು, ಹೆಂಡತಿಯಿಂದ ಮುಚ್ಚಿಡುವವರು. ಎರಡನೆಯವರು ಜಾಣರು. ನಾನು ಮೊದಲನೆಯ ಜಾತಿಯಲ್ಲಿ ಹುಟ್ಟಿ ಕೆಟ್ಟೆ. ಗಂಗಾವತಿಯಲ್ಲಿ ಇಂಗ್ಲಿಷ್ ಮಾಸ್ತರಿಕೆ ಮಾಡುತ್ತ, ಉಳಿದ ಹೊತ್ತಿನಲ್ಲಿ ಬೆಳದಿಂಗಳು, ತುಂಗಭದ್ರೆ, ಭತ್ತದ ಗದ್ದೆ, ಒಮ್ಮೆ ಹುಮ್ಮಸ್ಸಿನಲ್ಲಿ ನೆರೆಮನೆಯ ಎಮ್ಮೆ ಗೌರಿಯ ಮೇಲೂ ಪದ್ಯ ಕಟ್ಟಿದ್ದೇನೆ. ನನ್ನ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿದವಳು. ಎಮ್ಮೆಯ ಪದ್ಯ ಮುಗಿದಾಗ ಮಾತ್ರ ಕೈ ನಿಲ್ಲಿಸಿ, "ಎಮ್ಮಿ ಹೆಸರು ಬಂತು. ನನ್ನ ಹೆಸರು ಯಾವಾಗ ಬರತೈತ್ರಿ?" ಎಂದಳು. "ನಿನ್ನ ಹೆಸರು ಛಂದಸ್ಸಿಗೆ ಕೂಡೂದಿಲ್ಲ" ಎಂದುಬಿಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೇ ಬೇರೆಯಾಯಿತು.

ಹೀಗಿರುವಾಗ ಸಾಣಾಪುರದಿಂದ ಮಹಬೂಬ್ ಸಾಬನ ಫೋನು ಬಂತು. ಕೆರೆಯ ಬದಿಗೆ ನಾಲ್ಕು ಗುಡಿಸಲು ಹಾಕಿಕೊಂಡು ಪ್ರವಾಸಿಗರ ಊಟ ವಸತಿ ನೋಡಿಕೊಳ್ಳುವ ಹಳೆಯ ಗೆಳೆಯ. "ಮಾಸ್ತರ, ಅಮೆರಿಕಾದಿಂದ ಇಬ್ಬರು ಹಾಡೋರು ಬಂದಾರ. ತಾವ ಬರದು, ತಾವ ಹಾಡಿಕೋಂತ ಊರೂರು ತಿರಗತಾರಂತ. ನಮ್ಮ ಭಜನಿ ಮಂದೀನೂ ಕರದೀನಿ. ನೀವು ಬಂದು ಅವರ ಮಾತು ತಿಳಿಸಿ ಹೇಳ್ರಿ. ಭಾಬೀನೂ ಕರಕೊಂಡು ಬರ್ರಿ" ಎಂದ. ಇಂಗ್ಲಿಷ್ ವ್ಯಾಕರಣ ಕಲಿಸುವವನಿಗೆ ಇಂಗ್ಲಿಷ್ ಮಾತೂ ತಿಳಿಯುತ್ತದೆಂದು ನಂಬುವ ಮುಗ್ಧರು ಇನ್ನೂ ಇದ್ದಾರೆ.

ನಾವು ಹೋದಾಗ ಹೊತ್ತು ಮುಳುಗುತ್ತಿತ್ತು. ಬಂಡೆಗಳು ಹಗಲಿನ ಬಿಸಿಯನ್ನು ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಕೆರೆಯ ನೀರು ತಾಮ್ರದ ಕೊಡದ ಬಣ್ಣಕ್ಕೆ ತಿರುಗಿತ್ತು. ದಡದ ಹತ್ತಿರ ಖಾಲಿ ಹರಿಗೋಲೊಂದು ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ಗಡ್ಡದವನೊಬ್ಬ ಗಿಟಾರ್ ಹಿಡಿದು, ಅವನ ತಂಗಿ ಚರ್ಮದ ಹಲಗೆಗೆ ಕೋಲು ಸಿಕ್ಕಿಸಿ ತಂತಿ ಕಟ್ಟಿದಂತಿದ್ದ ಬ್ಯಾಂಜೊ ಹಿಡಿದು ಕುಳಿತರು. ಮೂಗಿನಲ್ಲಿ ಎಳೆದು ಎಳೆದು ಹಾಡಿದರು. ರೈಲು, ಗೋವಿನಜೋಳದ ಹೊಲ, ದೂಳಿನ ದಾರಿ, ಇಷ್ಟು ನನ್ನ ಕಿವಿಗೆ ಸಿಕ್ಕಿತು. ಉಳಿದದ್ದನ್ನು ಗಾಳಿ ಕೊಂಡುಹೋಯಿತು. ಕೇಳುತ್ತ ಕೇಳುತ್ತ ನಾನು ಮನಸ್ಸಿನಲ್ಲೇ ಬೇವೂರಿನ ಕಡೆಯ ಎರೆಹೊಲಗಳ ನಡುವೆ ಬಂಡಿಯಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತ ಹೋಗುತ್ತಿದ್ದೆ. ಬಂಡಿ ಹೊಡೆಯುವವರು ಯಾರೂ ಇರಲಿಲ್ಲ. ಊರೂ ಬರಲಿಲ್ಲ. ಬರದೇ ಇದ್ದರೆ ಚೆನ್ನ ಎನಿಸಿತು. ಪಕ್ಕದಲ್ಲಿ ಶರಣಮ್ಮ ಗಲ್ಲಕ್ಕೆ ಕೈಯಿಟ್ಟು ಕಣ್ಣು ಮುಚ್ಚಿದ್ದಳು. ಅವಳು ಅಷ್ಟು ಸುಖವಾಗಿ ಕುಳಿತದ್ದನ್ನು ನೋಡಿ ಬಹಳ ದಿನವಾಗಿತ್ತು.

ಅವರ ಪ್ರತಿ ಹಾಡೂ "ಮಾರ್ಥಾ" ಎಂಬ ಹೆಸರಿನಲ್ಲಿ ಮುಗಿಯುತ್ತಿತ್ತು. ನಮ್ಮ ಭಜನೆಯ ಪದಗಳ ಕಡೆಯ ನುಡಿಯಲ್ಲಿ ಬರೆದವರ ಹೆಸರೋ ಅವರ ಗುರುವಿನ ಹೆಸರೋ ಬರುತ್ತದಲ್ಲ, ಅದೇ ಅಂಕಿತ. ಭಜನೆ ಮೇಳದ ಹಿರಿಯ ಹನುಮಂತಪ್ಪ ಎರಡನೆಯ ಹಾಡಿನಿಂದಲೇ ಮಾರ್ಥಾ ಬಂದಾಗಲೆಲ್ಲ ಭಕ್ತಿಯಿಂದ ಕೈಮುಗಿಯತೊಡಗಿದ. ಅವನನ್ನು ನೋಡಿ ಇಡೀ ಮೇಳವೇ ಕೈಮುಗಿಯಿತು. ಗಡ್ಡದವನೂ ಇದು ಇಲ್ಲಿನ ಪದ್ಧತಿಯೆಂದು ತಿಳಿದು ತಿರುಗಿ ಕೈಮುಗಿದ. ಕೊನೆಗೆ ಹನುಮಂತಪ್ಪ ನನ್ನ ಕಡೆ ಬಾಗಿ, "ಸರ, ಈ ಮಾರ್ಥಾ ಅಜ್ಜಾರ ಮಠ ಎಲ್ಲೈತ್ರಿ?" ಎಂದು ಕೇಳಿದ.

ಗಡ್ಡದವನನ್ನು ವಿಚಾರಿಸಿದೆ. ಮಾರ್ಥಾ ಅವನ ಹೆಂಡತಿಯಂತೆ, ಊರಲ್ಲಿದ್ದಾಳಂತೆ; ಹಾಡಿಗೊಮ್ಮೆ ಅವಳ ಹೆಸರು ಹಿಡಿಯದಿದ್ದರೆ ತನಗೆ ಮನೆಯ ದಾರಿ ಮರೆತೀತು ಎಂದ. ಇದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವಾಗ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬ ಎಚ್ಚರ ನನಗಿರಬೇಕಿತ್ತು.

"ಹೇಣ್ತಿ ಗುರು ಆಗಬಾರದೇನ್ರಿ?" ಎಂದು ಹನುಮಂತಪ್ಪ ಇನ್ನೊಮ್ಮೆ ಕೈಮುಗಿದ.

ಶರಣಮ್ಮ ಕಣ್ಣು ತೆರೆದಳು. "ಅವರ ಭಾಷಾದಾಗ ಛಂದಸ್ಸು ಇಲ್ಲೇನ್ರಿ?" ಎಂದಳು, ಅಷ್ಟೇ. ಬೈಕಿನಲ್ಲಿ ಗಂಗಾವತಿಗೆ ಮರಳುವಾಗ ದಾರಿಯುದ್ದಕ್ಕೂ ಆ ಮಾತು ನನ್ನ ಬೆನ್ನಿಗಿತ್ತು. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಸೀರೆಯಲ್ಲ, ಬಂಗಾರವಲ್ಲ, ತನ್ನದೇ ಹೆಸರು. ಅದನ್ನೂ ಕೊಡದ ಜಿಪುಣತನಕ್ಕೆ ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನವೇ ಕುಳಿತು ಕೆರೆಯ ಮೇಲೆ ಒಂದು ಪದ ಕಟ್ಟಿದೆ. "ಕೆರಿ ನೀರ ಕಂಡಾಗ ಕಳದೀತ ದಣಿವೆಲ್ಲ, ಎಂದಾಳ ಶರಣವ್ವ" ಎಂದು ಕಡೆಯ ನುಡಿ. ಹೆಸರು ಬೆಣ್ಣೆಯಂತೆ ಕೂಡಿಕೊಂಡಿತು. ಬರೆದವನು ತಾನೇ ಹೇಳಿಕೊಂಡರೆ ಸೊಗಸಲ್ಲವೆಂದು, ಯಾರದೆಂದು ತಿಳಿಸದೆ ಮಹಬೂಬನ ಕೈಯಲ್ಲಿ ಮೇಳಕ್ಕೆ ಕಳಿಸಿದೆ. ಮುಂದಿನ ಸೋಮವಾರದ ಭಜನೆಗೆ ಶರಣಮ್ಮನನ್ನು ಕರೆದುಕೊಂಡು ಹೋದೆ. ಮೇಳ ನನ್ನ ಪದವನ್ನು ಎತ್ತಿಕೊಂಡಿತು. ಕಡೆಯ ನುಡಿ ಬಂದಾಗ ಎಲ್ಲರೂ ಕೈಮುಗಿದರು. ಶರಣಮ್ಮ ನನ್ನ ಕಡೆ ತಿರುಗಿದಳು, ಕಣ್ಣು ತುಂಬಿದ್ದವು. ನನ್ನವೂ ತುಂಬಿದವು, ಸುಳ್ಳು ಯಾಕೆ ಹೇಳಲಿ.

ಹನುಮಂತಪ್ಪ ಎದ್ದು ನೇರವಾಗಿ ಅವಳ ಮುಂದೆ ಬಂದು ನಿಂತ. "ಅವ್ವಾರ, ಪದ ನಿಮ್ಮ ಮನಿಯಿಂದ ಬಂತಂತ ಮಹಬೂಬ್ ಸಾಬ ಹೇಳಿದ, ಅಂಕಿತದಾಗ ನಿಮ್ಮ ಹೆಸರ ಐತಿ. ಇಷ್ಟು ದಿನ ಎಲ್ಲಿ ಮುಚ್ಚಿಟ್ಟಿದ್ರಿ? ಭಾಳ ಛಲೋ ಬರದೀರಿ!"

ನಾನು ಗಂಟಲು ಸರಿಮಾಡಿಕೊಂಡೆ. ಶರಣಮ್ಮ ಸೆರಗು ಸರಿಮಾಡಿಕೊಂಡಳು. "ಏನೋರಿ ಯಪ್ಪಾ, ತಿಳಿದಷ್ಟು ಬರೀತೀನಿ" ಎಂದಳು.

"ಸರ, ನೀವ್ಯಾಕ ಸುಮ್ಮನ ಕೂತೀರಿ?" ಎಂದು ಹನುಮಂತಪ್ಪ ನನ್ನ ಕೈಗೆ ತಾಳ ಕೊಟ್ಟ. "ಅವ್ವಾರ ಪದಕ್ಕ ತಾಳ ಆದ್ರೂ ಹಾಕ್ರಿ."

ಹಾಕುತ್ತಿದ್ದೇನೆ.